ನಿಮ್ಮ ಕಾಡು ಯಾವುದು?

ಅರೆದ ರಾಗಿಯನ್ನು ಹಳೆಯ ಪಂಚೆಯ ತುಂಡಿಗೆ ಸುರಿದು ಹಿಂಡುತ್ತಿದ್ದೆ. ರಾಗಿ ಮಣ್ಣಿ ಎಂಬ ಈ ಸಿಹಿ ಮಾಡುವುದರಲ್ಲಿ ಇದೇ ಕಷ್ಟ. ಮೂರು ಸಲ ನೀರು ಹಾಕಿ ಮೂರು ಸಲ ಹಿಂಡಬೇಕು, ಮತ್ತೆ ಹಾಲಿನ ಹಿಟ್ಟು ತಳಕ್ಕಿಳಿಯುವವರೆಗೆ ಕಾಯಬೇಕು. ಎರಡನೆಯ ಸಲಕ್ಕೇ ಮಣಿಕಟ್ಟು ಸೋತಿತು. ಕುವೈತಿನ ಬ್ನೇದ್ ಅಲ್ ಗಾರಿನ ಈ ಏಳನೆಯ ಮಾಳಿಗೆಯ ಅಡುಗೆಮನೆಯಿಂದ ಕಾಣುವುದು ಎದುರು ಕಟ್ಟಡದ ಏಸಿಗಳು ಮಾತ್ರ. ಕಣ್ಣು ಫ್ರಿಜ್ಜಿನ ಮೇಲಿನ ಕಾಗದಕ್ಕೆ ಹೋಯಿತು.

ಮೊಮ್ಮಗಳು ಅಶ್ಮಿತಾಳ ಕಾಗದ. ಬಂದು ಎರಡು ತಿಂಗಳಾಯಿತು. ಇಲ್ಲೇ ಹುಟ್ಟಿ ಇಲ್ಲೇ ಓದಿದ ಹುಡುಗಿ, ಸಂಬಳವಿಲ್ಲದೆ ಒಂದು ವರ್ಷ ಸೇವೆ ಮಾಡುತ್ತೇನೆಂದು ಬೋರ್ನಿಯೋದ ಮಳೆಕಾಡಿಗೆ ಹೋಗಿ ಪೆನಾನ್ ಎಂಬ ಜನರ ಜೊತೆ ಇದ್ದಾಳೆ. ಮಕ್ಕಳಿಗೆ ಪಾಠ ಹೇಳುವ ಕೆಲಸ. ಅಲ್ಲಿ ಫೋನು ಸಿಗುವುದಿಲ್ಲ, ಕಾಗದ ದೋಣಿಯಲ್ಲಿ ಪೇಟೆಗೆ ಬರಬೇಕು. ಅವಳಿಗೆ ಕನ್ನಡ ಅಕ್ಷರ ಬಾರದು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾಳೆ. ಆ ಅಕ್ಷರ ಓದಲು ನಾನು ತಡವರಿಸುತ್ತೇನೆಂದು ಮಗ ಸುಕೇಶ್ ಓದಿ ಹೇಳಿದ್ದ.

"ಜಿಗಣೆ ಕಾಟವಂತೆ. ಜ್ವರ ಬಂದು ಹೋಯ್ತಂತೆ. ಅಲ್ಲಿಯ ಒಬ್ರು ಅಜ್ಜಿ, ನಿಮ್ಮ ಕಡೆ ಯಾವುದು ಅಂತ ಕೇಳಿದ್ರಂತೆ. ಅಷ್ಟೇ ಅಮ್ಮ, ಖಲಾಸ್."

"ಮಂಗಳೂರು ಕಡೆ ಅಂತ ಹೇಳ್ಲಿಕ್ಕೆ ಅವಳಿಗೆ ಎಂಥ ಧಾಡಿ?"

"ಅವರಿಗೆ ಮಂಗಳೂರು ಗೊತ್ತುಂಟಾ ಅಮ್ಮ!" ಎಂದು ನಕ್ಕ. ನಗು ಬೇಕಾದ್ದಕ್ಕಿಂತ ಸ್ವಲ್ಪ ಉದ್ದವಾಯಿತು.

ನಾನು ಕನ್ನಡ, ಇಂಗ್ಲಿಷ್ ಅಕ್ಷರ ಕಲಿತದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ, ಮಂಗಳೂರಿನ ರಾತ್ರಿ ಶಾಲೆಯಲ್ಲಿ. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದುವ ಅಭ್ಯಾಸ. ಮರುದಿನ ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಹಾಗೆಯೇ ಓದಿದೆ. ಒಂದು ಪುಟಕ್ಕೆ ಮಧ್ಯಾಹ್ನವಾಯಿತು. ಕೆ, ಎ, ಎ, ಡಿ, ಯು. ಕಡೆ ಅಲ್ಲ, ಕಾಡು. ನಿಮ್ಮ ಕಾಡು ಯಾವುದು?

ಕೆಳಗೆ, ಸುಕೇಶ್ ಓದದೆ ಬಿಟ್ಟ ಸಾಲುಗಳು. "ನಮಗೆ ಕಾಡಿಲ್ಲ ಅಂದೆ. ಅವರಿಗೆ ಪಾಪ ಅನ್ನಿಸ್ತು. ಇಲ್ಲಿ ಮರದ ತಿರುಳು ತುಳಿದು, ನೀರು ಹಾಕಿ ಹಿಟ್ಟು ತೆಗೀತಾರೆ. ನನಗೆ ಬರೋದಿಲ್ಲ, ನಗ್ತಾರೆ. ಪಾಠಕ್ಕೂ ಮಕ್ಕಳು ಬರ್ತಾ ಇಲ್ಲ. ಯಾರದೋ ಮನೆಗೆ ಕರೆಯದೆ ಬಂದ ಹಾಗಿದೆ. ವಾಪಸ್ ಬರ್ಲಾ ಅಜ್ಜಿ?"

ಆ ಹಿಟ್ಟು ನನಗೆ ಗೊತ್ತು. ಅಕ್ಕಿ ಮುಗಿದಾಗ ನನ್ನ ಅಪ್ಪೆ, ಅಂದರೆ ಅಮ್ಮ, ಬೈನೆ ಮರದ ತಿರುಳು ಕುಟ್ಟಿ, ಬಟ್ಟೆಯಲ್ಲಿ ಹಿಂಡಿ ಗಂಜಿ ಕಾಯಿಸುತ್ತಿದ್ದಳು. ನಾವು ಘಟ್ಟದ ಕಾಡಿನ ಬುಡಕಟ್ಟಿನವರು, ಮಲೆಕುಡಿಯರು. ಮದುವೆಯಾಗಿ ಪೇಟೆಗೆ ಬಂದ ದಿನವೇ ನನ್ನ ಗಂಡ, "ಕೇಳಿದವರಿಗೆ ಕಾರ್ಕಳ ಅನ್ನು, ಸಾಕು" ಎಂದಿದ್ದರು. ಹಾಗೇ ಅನ್ನುತ್ತ ಬಂದೆ.

ಕಾಗದ ಓದಿದ ದಿನ ಸಂಜೆ, ಆ ಸಾಲು ಯಾಕೆ ಬಿಟ್ಟೆ ಎಂದು ಸುಕೇಶನನ್ನು ಕೇಳಿದ್ದೆ. ಅವನು ತಲೆ ಎತ್ತಲಿಲ್ಲ. "ನಾವು ಯಾರು ಅಂತ ಅಮಿತಾಗೇ ಹೇಳಿಲ್ಲ ಅಮ್ಮ. ಇಪ್ಪತ್ತೈದು ವರ್ಷದ ಮೇಲೆ ಹೆಂಡತಿಗೆ ಎಂಥ ಅಂತ ಹೇಳುವುದು? ಇಲ್ಲಿಯ ಕನ್ನಡ ಸಂಘದವರ ಬಾಯಿಗೆ ಬಿದ್ರೆ ಮತ್ತೆ ಮುಗೀತು."

ಕಾಗದವನ್ನು ಮಡಚಿ ಮತ್ತೆ ಫ್ರಿಜ್ಜಿನ ಮೇಲಿಟ್ಟೆ. ವಾದ ಮಾಡಲು ತ್ರಾಣವಿರಲಿಲ್ಲ.

ಈಗ ಮೂರನೆಯ ಸಲ ಹಿಂಡುವಾಗ ನೋಡುತ್ತೇನೆ, ಬಟ್ಟೆ ತಿರುಚುವ ಈ ಕೈ ಅಪ್ಪೆಯದೇ. ಅಲ್ಲಿ ಆ ಹುಡುಗಿ ಇದೇ ಕೆಲಸ ಬಾರದೆ ನಗೆಪಾಟಲಾಗುತ್ತಿದ್ದಾಳೆ. ಪಾತ್ರೆ ಮುಚ್ಚಿಟ್ಟು, ಕೈ ತೊಳೆದು, ಬರೆಯಲು ಕೂತೆ. ಅವಳು ಓದಬೇಕಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಅರ್ಧ ಪುಟಕ್ಕೆ ನಾಲ್ಕು ದಿನ ಹಿಡಿಯಿತು.

"ಮಗಾ, ನಮಗೆ ಕಾಡುಂಟು. ನಾವು ಮಲೆಕುಡಿಯರು. ಆ ಅಜ್ಜಿಗೆ ಹೇಳು. ನೀರು ಒಂದೇ ಸಲ ಸುರಿಯಬೇಡ, ಸ್ವಲ್ಪ ಸ್ವಲ್ಪ ಹಾಕು. ಬರುವುದಾದರೆ ಬಾ, ನಾನು ಬೇಡ ಅನ್ನುವುದಿಲ್ಲ. ಕಾಡಿಲ್ಲದವಳು ಅಂತ ಮಾತ್ರ ಬರಬೇಡ."

ಶುಕ್ರವಾರ ಸುಕೇಶನ ಕೈಗೆ ಕೊಟ್ಟೆ. ಓದಿದ. ಮತ್ತೊಮ್ಮೆ ಓದಿದ.

"ಎರಡು ಸ್ಪೆಲ್ಲಿಂಗ್ ತಪ್ಪುಂಟು."

"ಇರ್ಲಿ. ಕಾಡು ಸರಿ ಉಂಟಲ್ಲ?"

"ಉಂಟು." ಕಾರಿನ ಕೀ ತೆಗೆದುಕೊಂಡ. ಲಿಫ್ಟಿನಲ್ಲಿ, "ಅಮಿತಾಗೆ?" ಎಂದ.

"ಅದು ನಿನ್ನ ಕೆಲಸ ಮಾರಾಯ. ನನಗೆ ಸುಸ್ತಾಗಿದೆ."

ಕೊರಿಯರ್ ಅಂಗಡಿಯ ತಾಹಿರ್ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟು, "ಅಂದರ್ ಕ್ಯಾ ಹೈ, ಅಮ್ಮಾ?" ಎಂದು ಕೇಳಿದ.

"ಕಾಗಜ್, ಭಾಯಿ."

ಅವನು ಚೀಟಿ ಅಂಟಿಸಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಹಾಕಿದ.