ಮಂಜಿಯ ಅಟ್ಟದಡಿಗೆ ಇಳಿದ ಕ್ರೋಶಾ ಕಡ್ಡಿ

ಹೊಲಿಯುವ ಸೂಜಿಗೆ ಕಣ್ಣಿರುತ್ತದೆ, ನನಗಿರುವುದು ಕೊಕ್ಕೆ. ನಾನು ಒಂದು ಕ್ರೋಶಾ ಕಡ್ಡಿ. ದೂರದ ಯಾವುದೋ ಕಾರ್ಖಾನೆಯಲ್ಲಿ ಉಕ್ಕಿನ ತಂತಿ ತುಂಡರಿಸಿ, ತುದಿ ಅರೆದು ಕೊರೆದು, ಹೆಬ್ಬೆರಳು ಕೂರಲಿಕ್ಕೆ ನಡು ಚಪ್ಪಟೆ ಮಾಡಿ ನನ್ನನ್ನು ಹುಟ್ಟಿಸಿದರು. ಒಂದು ಡಜನ್ ಅಕ್ಕತಂಗಿಯರ ಜೊತೆ ರಟ್ಟಿಗೆ ಸಿಕ್ಕಿಸಿಕೊಂಡು ಮಂಗಳೂರಿನ ಫ್ಯಾನ್ಸಿ ಅಂಗಡಿಗೆ ಬಂದೆ.

ಅಲ್ಲಿಂದ ನನ್ನನ್ನು ಮನೆಗೆ ಕರೆದೊಯ್ದವರು ಸೆವ್ರಿನ್ ಬಾಯಿ. ಬಂದರಿನ ಹತ್ತಿರ ಅವರ ಮನೆ. ಇಗರ್ಜಿಯ ಪೀಠದ ಬಟ್ಟೆಗೆ, ನೆರೆಕರೆಯ ಕೂಸುಗಳ ಟೊಪ್ಪಿಗೆ, ದಿಂಬಿನ ಅಂಚಿಗೆ ಮೂವತ್ತು ವರ್ಷ ನಾವಿಬ್ಬರೂ ಲೇಸು ಹೆಣೆದೆವು. ಬಾಯಿ ಕೈ ನೋಡಿ ಹೆಣೆದವರಲ್ಲ. ಕಿಟಕಿಯಾಚೆ ಹೋಗುವವರನ್ನೆಲ್ಲ ಮಾತಾಡಿಸುತ್ತ ಕೂತಿರುತ್ತಿದ್ದರು. ಒಂದು ಕುಣಿಕೆ ತಪ್ಪಿದರೂ ಬೆರಳಿಗೇ ತಿಳಿಯುತ್ತಿತ್ತು. ಆಮೇಲೆ ಆ ಬೆರಳ ಗೆಣ್ಣುಗಳು ಊದಿದವು. ಒಂದು ದಿನ ನನಗೆ ಕೊಬ್ಬರಿ ಎಣ್ಣೆ ಸವರಿ, ಬಿಸ್ಕತ್ತಿನ ಡಬ್ಬಿಯೊಳಗೆ ಮಲಗಿಸಿ ಮುಚ್ಚಿದರು. ನಾಲ್ಕು ವರ್ಷ ಅಂಗಿಯ ಗುಂಡಿಗಳೇ ನನ್ನ ಸಂಗಾತಿಗಳು.

ಡಬ್ಬಿ ತೆರೆದದ್ದು ಪಕ್ಕದ ಮನೆಯ ವಾಮನ ಖಾರ್ವಿಯವರ ದೆಸೆಯಿಂದ. ಪ್ರಾಯದಲ್ಲಿ ಅವರು ಮಂಜಿಯಲ್ಲಿ ದುಡಿದವರು. ಮಂಜಿಯೆಂದರೆ ಹೆಂಚು ತುಂಬಿಕೊಂಡು ಕಡಲು ಹಾಯುತ್ತಿದ್ದ ದೊಡ್ಡ ಹಾಯಿಹಡಗು. ಅರವತ್ತು ದಾಟಿದ ಮೇಲೆ ಹಿಂದಿನ ಚಾವಡಿಯಲ್ಲಿ ಅದೇ ಮಂಜಿಯ ಎರಡು ಮೊಳದ ಪ್ರತಿರೂಪ ಕಟ್ಟಲಿಕ್ಕೆ ಕೂತರು. ಜೊತೆಗೆ ಮರದ ಅಂಗಡಿಯ ಇದಿನಬ್ಬ ಬ್ಯಾರಿಗಳು. ತೇಗದ ಚೂರುಗಳನ್ನು ತೆಳ್ಳಗೆ ಸೀಳಿ ತರುವುದು ಅವರ ಪಾಲು. ಸೀಳುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಹಡಗಿನ ಪಕ್ಕೆಲುಬಿಗೆ ಬಗ್ಗಿಸಿ, ಅಂಟು ಒಣಗುವ ತನಕ ಬಟ್ಟೆಯ ಕ್ಲಿಪ್ಪು ಕಚ್ಚಿಸಿಡುತ್ತಿದ್ದರು. ಸೆವ್ರಿನ್ ಬಾಯಿಯ ಕ್ಲಿಪ್ಪುಗಳೆಲ್ಲ ಅಲ್ಲಿಗೇ ಹೋಗಿ, ಅವರ ಬಟ್ಟೆ ಗಾಳಿಗೆ ಹಾರುತ್ತಿತ್ತು.

"ಬಾಯಮ್ಮ, ಹಾಯಿಯ ಅಂಚು ಮಡಚಿ ಹೊಲಿದು ಕೊಡುತ್ತೀರಾ?" ಎಂದು ವಾಮನಣ್ಣ ಒಂದು ದಿನ ಬಂದರು.

"ನನ್ನ ಬೆರಳು ಸತ್ತಿದೆ ವಾಮನಣ್ಣ. ಈ ಕಡ್ಡಿ ಕೊಂಡುಹೋಗಿ, ನೂಲು ಎಳೆಯಲಿಕ್ಕಾದರೂ ಆದೀತು."

ಹಾಗೆ ನಾನು ಚಿಮಟ, ಅರ, ಅಂಟು ಹಾಕುವ ಹಳೇ ಸಿರಿಂಜುಗಳಿದ್ದ ಲೋಟ ಸೇರಿದೆ. ಒಳ್ಳೆಯ ಜನ ಅವರು. ಚಿಮಟ ಹಿಡಿದು ಕೊಡುವುದು, ನಾನು ಎಳೆದುಕೊಳ್ಳುವುದು. ಹಗ್ಗ ಹಾಯುವ ಮೆಂತೆಕಾಳಿನಷ್ಟು ಚಿಕ್ಕ ಕಪ್ಪಿಗಳ ತೂತಿನಲ್ಲಿ, ಕಡು ಚಹಾದ ನೀರಿನಲ್ಲಿ ಅದ್ದಿ ಬಣ್ಣ ಕಟ್ಟಿದ ಹತ್ತಿಯ ನೂಲನ್ನು ದಾಟಿಸುತ್ತಿದ್ದೆ. ಆ ನೂಲಿನ ಮೇಲೇ ಅವರಿಬ್ಬರಿಗೆ ಜಗಳ.

"ನೂಲಿಗೆ ಜೇನುಮೇಣ ಉಜ್ಜು ಮಾರಾಯ, ಮಳೆಗೆ ಬಿಗಿದುಕೊಳ್ಳುತ್ತದೆ," ಎಂದರು ಬ್ಯಾರಿಗಳು.

"ಮಂಜಿಯ ಹಗ್ಗಕ್ಕೆ ಮೇಣ ಹಚ್ಚಿದವರುಂಟಾ? ಕಡಲು ಕಂಡವ ನಾನಾ, ನೀವಾ?"

ಮೇ ತಿಂಗಳ ಸೆಕೆಯಲ್ಲಿ ವಾಮನಣ್ಣ ಒಂದೊಂದು ನೂಲನ್ನೂ ವೀಣೆಯ ತಂತಿಯ ಹಾಗೆ ಎಳೆದು ಕಟ್ಟಿದರು. ಅವಸರಕ್ಕೆ ಕಾರಣವಿತ್ತು. ಆ ಮಂಜಿಯನ್ನು ನಡೆಸಿದ ಯಜಮಾನ ನಾಗಪ್ಪ ತಾಂಡೇಲರು ಇನ್ನೂ ಇದ್ದರು. ತೊಂಬತ್ತರ ಹತ್ತಿರ, ಎರಡು ಕಣ್ಣೂ ಹೋಗಿದ್ದವು. ಜೂನ್ ಕೊನೆಯ ಭಾನುವಾರ ಅವರು ಬರುವುದು, ಮರುದಿನವೇ ಗೋವೆಯ ಮಗಳ ಮನೆಗೆ ಹೋಗಿ ಅಲ್ಲೇ ಉಳಿಯುವುದು ಎಂದು ನಿಶ್ಚಯವಾಗಿತ್ತು. ಮುಟ್ಟಿ ನೋಡಿ 'ಇದು ನನ್ನ ಮಂಜಿ' ಎಂದು ತಾಂಡೇಲರ ಬಾಯಲ್ಲಿ ಒಂದು ಮಾತು ಬರಬೇಕು. ಎರಡು ವರ್ಷದ ದುಡಿಮೆಗೆ ವಾಮನಣ್ಣ ಬೇಡಿದ್ದು ಇಷ್ಟೇ.

ಮಳೆ ಹಿಡಿಯಿತು. ಶನಿವಾರ ಬೆಳಿಗ್ಗೆ ನೋಡಿದರೆ ನೂಲು ತೇವಕ್ಕೆ ಕುಗ್ಗಿ, ಹಾಯಿಕಂಬ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತ್ತು. ಇನ್ನೊಂದು ಎಳೆತಕ್ಕೆ ಮುರಿಯುವುದು. ಕಂಬದ ತುದಿಯಿಂದ ಇಳಿದ ಹಗ್ಗದ ಗಂಟು ಹಡಗಿನ ಮೇಲಟ್ಟದ ಹಲಗೆಯ ಅಡಿಯಲ್ಲಿ. ಅಟ್ಟಕ್ಕೋ ಅಂಟು ಹಾಕಿ ಮುಚ್ಚಿಯಾಗಿದೆ. ಹಗ್ಗ ಕತ್ತರಿಸಿದರೆ ಹಾಯಿಯೇ ಕೆಳಗೆ.

"ಮೇಣ ಮೇಣ ಎಂದು ಬಡಕೊಂಡೆ," ಎಂದ ಬ್ಯಾರಿಗಳು, ಗೆಳೆಯನ ಮುಖ ನೋಡಿ, ಬಾಗಿದ ಕಂಬಕ್ಕೆ ಬೆರಳು ಊರಿ ಹಿಡಿದರು.

ಅಷ್ಟರಲ್ಲಿ ಸೆವ್ರಿನ್ ಬಾಯಿ ಕೊಡೆ ಮಡಚುತ್ತ ಒಳಗೆ ಬಂದರು. "ನನ್ನ ಕ್ಲಿಪ್ಪು ಕೇಳಲಿಕ್ಕೆ ಬಂದೆ. ಇಲ್ಲಿ ಸತ್ತದ್ದು ಯಾರು?"

ವಿಷಯ ಕೇಳಿದರು. ಅಟ್ಟದ ಮೇಲಿದ್ದ, ಸರಕು ಇಳಿಸುವ ಕಿಂಡಿಯನ್ನು ಬೆರಳಲ್ಲಿ ಅಳೆದರು. ಕಿರುಬೆರಳೂ ಹೋಗದು. "ನನ್ನ ಕಡ್ಡಿ ಎಲ್ಲಿ?"

ನಾಲ್ಕು ವರ್ಷಕ್ಕೂ ಮಿಕ್ಕಿದ ಮೇಲೆ ಆ ಹೆಬ್ಬೆರಳು ನನ್ನ ನಡುವಿನಲ್ಲಿ ಕೂತಿತು. ಊದಿಕೊಂಡಿತ್ತು, ಆದರೂ ಅದೇ ಬೆರಳು. ಕಿಂಡಿಯಿಂದ ಕತ್ತಲೆಗೆ ಇಳಿದೆ. ಗರಗಸದ ಹೊಟ್ಟು, ಅಂಟಿನ ಉಂಡೆ, ಒಂದು ತೊಲೆ, ಅದರಾಚೆ ಗಂಟು. ಬಾಯಿ ಕಿಟಕಿಯ ಕಡೆ ಮುಖ ಮಾಡಿ, "ಗಂಟಿಗೂ ಅಂಟು ಹಾಕಿದ್ದೀರಾ?" ಎಂದರು.

"ನಾವಿಕನ ಗಂಟಿಗೆ ಅಂಟು ಯಾಕೆ ಬಾಯಮ್ಮ?" ಎಂದರು ವಾಮನಣ್ಣ.

ಮೇಣ ಬೇಡವೆಂದ ಹಮ್ಮೇ ಗಂಟಿಗೆ ಅಂಟನ್ನೂ ಬೇಡವೆಂದಿತ್ತು. ದೇವರು ದೊಡ್ಡವನು. ಬಾಯಿ ತುಟಿ ಕಚ್ಚಿ, ನೋವು ನುಂಗಿ, ನನ್ನ ಕೊಕ್ಕೆಗೆ ಒಂದು ಸುತ್ತು ಸಿಕ್ಕಿಸಿ ಎಳೆದರು. ಜಾರಿತು. ಮತ್ತೆ ಎಳೆದರು. ಮೂರನೆಯ ಸಲ ಗಂಟು ಉಸಿರು ಬಿಟ್ಟಿತು. ಕಂಬ ಮೆಲ್ಲಗೆ ನೆಟ್ಟಗಾಯಿತು.

ಮರುದಿನ ತಾಂಡೇಲರು ಬಂದರು. ಮಂಜಿಯ ಮೂತಿಯಿಂದ ಹಿಂಬದಿಯವರೆಗೆ ಬೆರಳಾಡಿಸಿ, ಕಂಬದ ಹಿಂದಿನ ಹಗ್ಗ ಮೀಟಿ ತಡೆದರು.

"ಹಗ್ಗ ಸಡಿಲ."

ಇನ್ನೊಮ್ಮೆ ಮೀಟಿ ನೋಡಿದರು.

"ಮಳೆಗಾಲಕ್ಕೆ ದಡಕ್ಕೆಳೆದ ಮಂಜಿಗೆ ಹೀಗೇ ಬಿಡಬೇಕು. ನಿನಗೆ ನಾನು ಬೈದು ಬೈದು ಸೋತಿದ್ದೆ ವಾಮನ. ಈಗ ಕಲಿಸಿದ್ದು ಯಾರು?"

ವಾಮನಣ್ಣ ಸುಮ್ಮನಿದ್ದರೆ ಹೆಸರು ಅವರದೇ ಆಗುತ್ತಿತ್ತು. "ನನಗಿನ್ನೂ ಬರುವುದಿಲ್ಲ ತಾಂಡೇಲರೇ. ಬಿಟ್ಟವರು ಈ ಬಾಯಮ್ಮ, ಲೇಸು ಹೆಣೆಯುವವರು."

ಮುದುಕರು ನಕ್ಕರು. "ಬಾಯಿ, ನೀವು ನನ್ನ ಮಂಜಿಯಲ್ಲಿ ಇರಬೇಕಿತ್ತು." ಮತ್ತೆ ಕೈಯನ್ನು ಹಡಗಿನ ಮೈಮೇಲಿಟ್ಟು, "ಇದರಲ್ಲೇ," ಎಂದರು.

ವಾಮನಣ್ಣ ಚಾವಡಿಯಿಂದ ಎದ್ದು ಹೋಗಿ ಬಾವಿಕಟ್ಟೆಯಲ್ಲಿ ಮುಖ ತೊಳೆದು ಬಂದರು.

ಅಂದಿನಿಂದ ಚಾವಡಿಯಲ್ಲಿ ಬಾಯಿಗೊಂದು ಕುರ್ಚಿ. ಆರು ವರ್ಷದಲ್ಲಿ ಇನ್ನೂ ಎರಡು ಮಂಜಿಗಳಾದವು. ನೂಲಿಗೆಲ್ಲ ಮೇಣ ಬಿತ್ತು. ಬಾಯಿ ನನ್ನನ್ನು ಇಳಿಸಿ ಗಂಟು ಮುಟ್ಟಿ 'ಆಯಿತು' ಎಂದ ಮೇಲಷ್ಟೇ ಅಟ್ಟಕ್ಕೆ ಅಂಟು ಹಾಕುತ್ತಿದ್ದರು. ಆಮೇಲಿನ ಒಂದು ಚಳಿಗಾಲದಲ್ಲಿ ಬಾಯಿ ತೀರಿಕೊಂಡರು.

ನನ್ನ ಕೊಕ್ಕೆ ಈಗ ಸವೆದಿದೆ. ಎಳೆಯುವ ಕೆಲಸಕ್ಕೆ ಹೊಸಬರು ಬಂದಿದ್ದಾರೆ. ನಾನು ಲೋಟದ ತಳದಲ್ಲಿದ್ದೇನೆ, ದೂರಿಲ್ಲ. ಕೈಬಿಟ್ಟ ಕೈಯೇ ಇನ್ನೊಮ್ಮೆ ಹಿಡಿದುಕೊಳ್ಳುವ ಭಾಗ್ಯ ಎಷ್ಟು ಕಡ್ಡಿಗಳಿಗಿದೆ? ಅಟ್ಟ ಮುಚ್ಚುವ ದಿನ ಮಾತ್ರ ವಾಮನಣ್ಣ ನನ್ನನ್ನೇ ಹುಡುಕಿ ತೆಗೆಯುತ್ತಾರೆ. ಕಿಟಕಿಯ ಕಡೆ ಮುಖ ಮಾಡಿ, ಕಿಂಡಿಯಲ್ಲಿ ಇಳಿಸಿ, "ಗಂಟು ಸಿಕ್ಕಿತು," ಎಂದು ಬ್ಯಾರಿಗಳಿಗೆ ಹೇಳುತ್ತಾರೆ. ಒಮ್ಮೊಮ್ಮೆ ಸಿಕ್ಕಿರುವುದಿಲ್ಲ. ಇನ್ನೊಂದು ಸಲ ಇಳಿಯುತ್ತೇನೆ.