ಕೊರೊ ಪಾರಾಟೆನೆ ಕೆತ್ತಿದ ಚೌಕಟ್ಟಿಗೆ ಐವತ್ತೈದು ದೀಪ

ಗುರುವಾರ ಹಲಗೆಗೆ ರಂಧ್ರ, ಶುಕ್ರವಾರ ತಂತಿ, ಶನಿವಾರ ಬೆಳಿಗ್ಗೆ ಪ್ರೋಗ್ರಾಮ್, ಹತ್ತು ಗಂಟೆಗೆ ಪಂದ್ಯ. ಪಿರಿಹಿರಾ ಹಾಕಿಕೊಂಡಿದ್ದ ಕ್ರಮ ಇದು. ತಪ್ಪಿದರೆ ಏನಾಗುವುದೆಂದು ಟೊಕೊಮಾರು ಕೊಲ್ಲಿಯ ಊರಲ್ಲಿ ಎಲ್ಲರಿಗೂ ಗೊತ್ತಿತ್ತು.

ಆಟದ ಹಾಲ್‌ನ ಗೋಡೆಯ ಮೇಲೆ ಅವಳು ಕೊರೊ ಎಂದು ಕರೆಯುತ್ತಿದ್ದ ಅಜ್ಜ ಪಾರಾಟೆನೆ ಟೊಟಾರಾ ಮರದಲ್ಲಿ ಕೆತ್ತಿದ್ದ ಉದ್ದನೆಯ ಚೌಕಟ್ಟಿತ್ತು. ಹಿಂದೆ ಅದರಲ್ಲಿ ಅಂಕಿಯ ತಗಡುಗಳನ್ನು ನೇತುಹಾಕಿ ಆಟದಲ್ಲಿ ಉಳಿದ ಸಮಯವನ್ನು ತೋರಿಸುತ್ತಿದ್ದರು. ಅಂಗಡಿಯ ಯಾವ ಗಡಿಯಾರ ಫಲಕವೂ ಅದರೊಳಗೆ ಕೂರುತ್ತಿರಲಿಲ್ಲ. ಕೆಳಗಿನ ಅಂಚನ್ನು ಕೊಯ್ದು ಜಾಗ ಮಾಡುವುದೆಂದು ಸಮಿತಿ ತೀರ್ಮಾನಿಸಿದಾಗ ಪಿರಿಹಿರಾ ಎದ್ದು ನಿಂತು, ಅಳತೆಗೆ ತಕ್ಕ ಫಲಕವನ್ನು ತಾನೇ ಮಾಡುವೆನೆಂದಿದ್ದಳು.

"ಆಯ್ತಮ್ಮಾ ವಿಜ್ಞಾನಿ," ಎಂದಿದ್ದ ಹಾಲ್ ನೋಡಿಕೊಳ್ಳುವ ದೊಡ್ಡಪ್ಪನ ಮಗ ಹೋಹೆಪಾ. "ಶನಿವಾರ ಹತ್ತರ ತನಕ ಗರಗಸಾನ ಗೋಡೆಗೆ ಒರಗಿಸಿರ್ತೀನಿ. ಆಮೇಲೆ ನನ್ನ ಬೈಬೇಡ."

ಚೌಕಟ್ಟಿನಲ್ಲಿ ಹನ್ನೊಂದು ಕಂಬಸಾಲು, ಐದು ಅಡ್ಡಸಾಲು ಹಿಡಿಸುತ್ತಿದ್ದವು. ಒಟ್ಟು ಐವತ್ತೈದು ಎಲ್‌ಇಡಿ. ಅವಳ ಬಳಿಯಿದ್ದ, ದೀಪ ಬೆಳಗಿಸುವ ಚಾಲಕ ಚಿಪ್ ಎಂಟಕ್ಕೆ ಎಂಟರ ಚೌಕವನ್ನು ನಡೆಸುವಂಥದ್ದು. ಸಂಖ್ಯೆ ಸಾಲುತ್ತಿತ್ತು, ಆಕಾರ ಹೊಂದುತ್ತಿರಲಿಲ್ಲ. ಮೊದಲ ಎಂಟು ಕಂಬಸಾಲುಗಳನ್ನು ಇದ್ದಂತೆಯೇ ಜೋಡಿಸಿ, ಉಳಿದ ಮೂರನ್ನು ಮಲಗಿಸಿದ ಹಾಗೆ ಎಣಿಸಿ, ಚಿಪ್ಪಿನ ಬಳಕೆಯಾಗದ ಮೂರು ಅಡ್ಡಸಾಲುಗಳಿಗೆ ಕೊಟ್ಟರೆ ಲೆಕ್ಕ ಸರಿಹೋಗುತ್ತಿತ್ತು. ಹಲಗೆಯ ಮೇಲೆ ಅವು ನೆಟ್ಟಗೇ ನಿಂತಿರುತ್ತವೆ. ಮಲಗುವುದು ತಂತಿಯಲ್ಲಿ ಮಾತ್ರ.

ಶುಕ್ರವಾರ ಬೆಸುಗೆಗೆ ಕೂತವರು ರಿಪೆಕಾ ಆಂಟಿ. ಸಭಾಗೃಹದ ಗೋಡೆಗಳಿಗೆ ಟುಕುಟುಕು ಎಂಬ ಜಾಲರಿ ಫಲಕಗಳನ್ನು ನೇಯುವವರು. ಆ ನೇಯ್ಗೆಯಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ ಕೂತು ಜಾಲರಿಯ ನಡುವೆ ಎಳೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆ. ಇಲ್ಲಿಯೂ ಹಾಗೆಯೇ ಕೂತರು. ಪಿರಿಹಿರಾ ಮುಂದಿನಿಂದ ದೀಪ ತೂರಿಸಿದಳು. ಆಂಟಿ ಹಿಂದಿನಿಂದ ದೀಪದ ತಂತಿಕಾಲುಗಳನ್ನು ಬಗ್ಗಿಸಿ ತಂತಿ ಬೆಸೆದರು.

"ಉದ್ದ ಕಾಲು ಮೇಲಕ್ಕೆ, ಆಂಟಿ."

"ಒಂದ್ಸಲ ಹೇಳಿದೀಯ. ನಾನು ನೇಯೋಕೆ ಶುರು ಮಾಡ್ದಾಗ ನಿಮ್ಮಮ್ಮನಿಗೆ ಹಲ್ಲು ಬಂದಿರ್ಲಿಲ್ಲ."

ಸಂಜೆ ಪರೀಕ್ಷೆಗೆಂದು ಆಂಟಿಯ ಇಷ್ಟದ ಹಲ್ಲಿನಾಕಾರದ ವಿನ್ಯಾಸವನ್ನೇ ಬೆಳಗಿಸಿದಳು. ತ್ರಿಕೋನಗಳು ಸಾಲಾಗಿ ಮೂಡಿದವು. ಒಂದು ದೀಪವೂ ಮಂಕಾಗಿರಲಿಲ್ಲ. ಆಂಟಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

ಶನಿವಾರ ಬೆಳಿಗ್ಗೆ ಫಲಕವನ್ನು ಚೌಕಟ್ಟಿಗೆ ಕೂರಿಸಿ, ಏಳು ನಿಮಿಷ ನಲವತ್ತೆರಡು ಸೆಕೆಂಡ್ ಎಂದು ಬರೆಸಿದಾಗ ಗೋಡೆಯ ಮೇಲೆ ಅಂಕಿಗಳು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ ನಿಂತವು.

ಕರಿದ ರೊಟ್ಟಿ ತಿನ್ನುತ್ತಿದ್ದ ಹೋಹೆಪಾ ತಲೆ ವಾಲಿಸಿದ. "ಇದು ಗೋಡೆ ಆಚೆ ಕಡೆ ಕೂತೋರಿಗಾ?"

ಪಿರಿಹಿರಾಗೆ ಕಾರಣ ತಕ್ಷಣ ಹೊಳೆಯಿತು. ಆಂಟಿ ತಾವು ಕೂತ ಕಡೆಯ ಎಡದಿಂದ ಎಣಿಸಿದ್ದರು. ಅದು ಮುಂದಿನವರ ಬಲ. ಹಲ್ಲಿನ ವಿನ್ಯಾಸ ಎರಡೂ ತುದಿಯಿಂದ ಒಂದೇ ಆದ್ದರಿಂದ ಪರೀಕ್ಷೆಯಲ್ಲಿ ತಪ್ಪು ಕಾಣಲಿಲ್ಲ. ಯಾವ ಕಡೆ ಮೊದಲು ಎಂದು ಅವಳೂ ಹೇಳಿರಲಿಲ್ಲ.

ಆಂಟಿ ಫಲಕದತ್ತ ಕೈಚಾಚಿದರು. "ಕೆಳಗಿಳಿಸು. ಎಲ್ಲಾ ಬಿಚ್ತೀನಿ."

"ಇನ್ನು ಅರ್ಧ ಗಂಟೆನೇ ಇರೋದು," ಎಂದ ಹೋಹೆಪಾ, ಈ ಸಲ ನಗದೆ. "ಐವತ್ತೈದನ್ನ ಬಿಚ್ಚೋಕಾಗಲ್ಲ ಆಂಟಿ."

ಅವನ ಕಣ್ಣು ಗರಗಸದ ಕಡೆ ಹೋದದ್ದನ್ನು ಪಿರಿಹಿರಾ ನೋಡಿದಳು. ನಂತರ ಫಲಕದ ಹಿಂಬದಿಯನ್ನು ನೆನೆದಳು. ತಂತಿಗಳು ಒಂದರ ಪಕ್ಕ ಒಂದು ಬಾಚಿದ ಕೂದಲಿನಂತೆ ನೆಟ್ಟಗಿದ್ದವು. ಅವಳು ಕಂಡ ಬೆಸುಗೆಗಳಲ್ಲಿ ಅಷ್ಟು ಅಚ್ಚುಕಟ್ಟಾದದ್ದು ಬೇರೊಂದಿರಲಿಲ್ಲ.

"ಒಂದು ತಂತೀನೂ ಮುಟ್ಬೇಡಿ ಆಂಟಿ. ಕೆಲಸ ಸರಿಯಾಗೇ ಇದೆ. ಚಿಪ್ಪಿಗೆ ಎಡ ಬಲ ಗೊತ್ತಿಲ್ಲ, ನಾನು ಹೇಳಿದ್ದೇ ಅದಕ್ಕೆ ಎಡ. ನಾನೇ ನಿಮ್ಮ ಕಡೆಯಿಂದ ಎಣಿಸ್ತೀನಿ."

ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಮೊದಲ ಕಂಬಸಾಲು ಹನ್ನೊಂದನೆಯದು, ಎರಡನೆಯದು ಹತ್ತನೆಯದು. ಮಲಗಿದ್ದ ಮೂರು ಸಾಲುಗಳು ಈಗ ಎಡತುದಿಗೆ. ಪ್ರೋಗ್ರಾಮ್‌ನಲ್ಲಿ ಒಂದೇ ಸಾಲಿನ ತಿದ್ದುಪಡಿ. ಆದರೂ ಎರಡು ಬಾರಿ ಓದಿ, ಬೆರಳಲ್ಲಿ ಎಣಿಸಿ ನೋಡಿದ ಮೇಲೆಯೇ ಕಳುಹಿಸಿದಳು.

ಅಜ್ಜನ ಕೆತ್ತನೆಯ ನಡುವೆ ಏಳು, ನಲವತ್ತೆರಡು ಕೆಂಪಾಗಿ, ಸರಿಯಾಗಿ ಬೆಳಗಿದವು.

ಒಳಬರುತ್ತಿದ್ದ ಎದುರು ತಂಡದ ತರಬೇತುದಾರ ತಲೆಯೆತ್ತಿ ಕೇಳಿದ: "ಎಲ್ಲಿ ತಗೊಂಡ್ರಿ ಇದನ್ನ?"

"ತಗೊಳ್ಳೋದಾ?" ರಿಪೆಕಾ ಆಂಟಿ ಬೆನ್ನು ನೆಟ್ಟಗೆ ಮಾಡಿದರು. "ಇಂಥದ್ದು ಮಾರೋಕಿರಲ್ಲಪ್ಪ. ಕೆತ್ತಿದ್ದು ಇವಳ ಕೊರೊ, ಲೆಕ್ಕ ಇವಳದ್ದು, ಹಿಂದುಗಡೆ ನಾನು."

ಹೋಹೆಪಾ ಗರಗಸವನ್ನು ಎತ್ತಿಕೊಂಡು ಹೋಗಿ ಉಗ್ರಾಣದಲ್ಲಿಟ್ಟು ಬಂದ.

ಆಟದ ನಾಲ್ಕೂ ಭಾಗಗಳಲ್ಲಿ ಫಲಕದ ಸಮಯ ತೀರ್ಪುಗಾರರ ಕೈಗಡಿಯಾರಕ್ಕೆ ಸರಿಯಾಗಿ ಹೊಂದಿತು. ಐವತ್ತೈದು ದೀಪಗಳಲ್ಲಿ ಒಂದೂ ತಪ್ಪಲಿಲ್ಲ.