ಬಚ್ಚಲ ಗೋಡೆಯ ಚೌಡಿ

"ಗ್ವಾಡ್ಯಾಗ ಇರಾದು ದೇವ್ರೇ ಆಗಿದ್ರೆ ಮೀಟ್ರು ಯಾಕೆ ತಿರುಗ್ತತಿ?"

ಗುತ್ಯಮ್ಮ ಕೇಳಿದ್ದು ಯಾರನ್ನೂ ಅಲ್ಲ. ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು, ಕೈ ಮಗುಚಿ, ಬೆರಳ ಹಿಂಬದಿಯನ್ನು ಗೋಡೆಗೆ ತಾಗಿಸಿ ತಟ್ಟನೆ ಎಳೆದುಕೊಂಡಳು. ಇತ್ತು. ಅಂಗೈ ಇಟ್ಟರೆ ಕರೆಂಟು ಹಿಡಿದುಕೊಂಡುಬಿಡುತ್ತದೆ, ಹಿಂಗೈ ಇಟ್ಟರೆ ಒದ್ದು ಕಳಿಸುತ್ತದೆ. ಈ ಕಾಲನಿಯ ಹೆಂಗಸರು ಮೂರು ತಿಂಗಳಲ್ಲಿ ಕಲಿತ ವಿದ್ಯೆ ಇದು. ದಿನಾ ಬೆಳಿಗ್ಗೆ ಗೋಡೆಯನ್ನು ಹೀಗೆ ಮಾತಾಡಿಸಿಯೇ ನೀರಿನ ಕೊಡ ಮುಟ್ಟುತ್ತಿದ್ದರು.

ತಾಳಗುಂದದ ದಾರಿಯಲ್ಲಿ, ಊರು ಮುಗಿದ ಮೇಲೆ, ಹನ್ನೆರಡು ಮನೆ. ಸರ್ಕಾರದ ಮನೆ, ಕಟ್ಟಿಸಿದ್ದು ಮಲ್ಲಿಕಾರ್ಜುನ ಗೌಡರ ಗುತ್ತಿಗೆ. ಮೇಲೆ ಥಳುಕು ಒಳಗೆ ಹುಳುಕು ಅನ್ನುವ ಗಾದೆಗೆ ಗೌಡರು ಗುಲಾಬಿ ಬಣ್ಣ ಬಳಿಸಿದ್ದರು.

ಗೋಡೆ ಮೊದಲ ಸಲ ಜುಮ್ಮೆಂದಾಗ ಗುತ್ಯಮ್ಮನ ಗಂಡ ಲೋಕಪ್ಪ ಹೆದರಿ ಗೌಡರ ಕಟ್ಟೆಗೆ ಓಡಿದ್ದ. ಗೌಡರು ಎಲೆಗೆ ಸುಣ್ಣ ಸವರುತ್ತಾ ನಕ್ಕಿದ್ದರು.

"ಲೇ ಲೋಕ, ಅಲ್ಲಿ ಮೊದ್ಲು ಚೌಡಿ ಬನ ಇತ್ತಲ್ಲೋ. ತಾಯಿ ಬಂದು ನಿನ್ ಮನ್ಯಾಗ ನೆಲ್ಸ್ಯಾಳೆ. ಪುಣ್ಯವಂತ ಕಣಲೇ ನೀನು. ಪೂಜಿ ಮಾಡು."

ಕೈಗೊಂದು ತೆಂಗಿನಕಾಯನ್ನೂ ಕೊಟ್ಟರು. ವಯರಿಗಿಂತ ಕಾಯಿ ಅಗ್ಗ.

ಕೇರಿಗೆ ಕೇರಿಯೇ ಬಂದು ಗೋಡೆಗೆ ಕುಂಕುಮ ಹಚ್ಚಿ ಕಾಯಿ ಒಡೆಯಿತು. ಲೋಕಪ್ಪ ತಲೆಗೆ ಸ್ನಾನ ಮಾಡಿ, ಒದ್ದೆಪಂಚೆಯಲ್ಲಿ, ಬರಿಗಾಲಲ್ಲಿ ನಿಂತು, ತಾಮ್ರದ ಕೊಡದಿಂದ ಅರಿಶಿನದ ನೀರನ್ನು ಗೋಡೆಗೆ ಹೊಯ್ದ. ತಾಯಿ ಅವನನ್ನು ಹಿತ್ತಲ ಬಾಗಿಲಿಗೆ ಎಸೆದಳು. ಅವನು ನೆಲದ ಮೇಲೆ ಒದ್ದಾಡುತ್ತಿದ್ದರೆ ಹೆಂಗಸರು "ಮೈಮೇಲೆ ಬಂದಾಳೆ" ಎಂದು ಕೈಮುಗಿದು ನಿಂತಿದ್ದರು. ಗುತ್ಯಮ್ಮನೂ ಮುಗಿದಿದ್ದಳು. ಅಂದಿನಿಂದ ಲೋಕಪ್ಪನ ಬಲಗೈ ತುತ್ತು ಎತ್ತಿಲ್ಲ.

ಗುಟ್ಟು ಒಡೆದವನು ಅಳಿಯ ರಾಜು. ಜಡೆ ಊರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ಹೋದ ವಾರ ಬಂದು ಸ್ಕ್ರೂಡ್ರೈವರಿನಲ್ಲಿ ಗಾರೆ ಕೆರೆದು ನೋಡಿ ಕ್ಯಾಕರಿಸಿ ಉಗಿದಿದ್ದ.

"ಅತ್ತೆ, ಚೌಡಿನೂ ಇಲ್ಲ ಗಿವ್ಡಿನೂ ಇಲ್ಲ. ಪೈಪ್ ಹಾಕ್ದೆ ಹರಕು ವಯರ್ ಹೂತಿದಾರೆ. ಅರ್ತಿಂಗ್ ಇಲ್ಲ. ಆರ್ಸಣ ಅಂದ್ರೆ ಮೇನ್ ಸ್ವಿಚ್ಚೂ ಇಲ್ಲ. ಮನೆ ವಯರಿಂಗ್ ಪೂರಾ ಕಿತ್ತು ಹೊಸದಾಗಿ ಎಳೀಬೇಕು, ಕಟ್ಸಿದ ಸೂಳೇಮಗನ ಕೈಲೇ ಎಳೆಸ್ಬೇಕು."

ಗುತ್ಯಮ್ಮನ ಮಗಳು ಸಂಗೀತ ಸೊರಬದ ಆಸ್ಪತ್ರೆಯಲ್ಲಿ ಹೆತ್ತು ಎಂಟು ದಿನ. ನಾಡಿದ್ದು ಕೂಸನ್ನೆತ್ತಿಕೊಂಡು ಬಾಣಂತನಕ್ಕೆ ಬರುತ್ತಾಳೆ. ಬಾಣಂತಿಗೆ, ಕೂಸಿಗೆ ನೀರು ಹೊಯ್ಯಲು ಮನೆಯಲ್ಲಿ ಇರುವುದು ಇದೊಂದೇ ಬಚ್ಚಲು, ಇದೊಂದೇ ಗೋಡೆ.

ಹತ್ತು ಗಂಟೆಗೆ ಜೀಪು ಬಂತು. ಮನೆಗಳ ತಪಾಸಣೆಗೆ ಇಂಜಿನಿಯರ್ ಶ್ರೀನಾಥ, ಬೆನ್ನಿಗೆ ಗೌಡರು. ಹನ್ನೊಂದು ಮನೆಯ ತಪಾಸಣೆ ಅರ್ಧ ಗಂಟೆಯಲ್ಲಿ ಮುಗಿದಿತ್ತು.

"ಒಳಗೆ ಬರ್ರಿ ಸಾಹೇಬ್ರೆ," ಅಂದಳು ಗುತ್ಯಮ್ಮ.

"ಇರ್ಲಿ, ಇರ್ಲಿ. ಇಲ್ಲಿಂದ್ಲೇ ಕಾಣ್ತದೆ."

ಹೊಸ್ತಿಲ ಆಚೆಯೇ ನಿಂತು ಶ್ರೀನಾಥ ಮೊಬೈಲು ನೋಡಿಕೊಂಡು, ಮಠದ ಹುಡುಗರು ಮಂತ್ರ ಒಪ್ಪಿಸುವಂತೆ ಶುರುಮಾಡಿದ. ಪ್ರಶ್ನೆಯೂ ಅವನದೇ, ಉತ್ತರವೂ ಅವನದೇ. "ಗೋಡೆ ಬಿರುಕು, ಇಲ್ಲ. ಸೋರಿಕೆ, ಇಲ್ಲ. ವಿದ್ಯುತ್ ಅಪಾಯ, ಇಲ್ಲ." ಅವನ ನೆತ್ತಿಯ ಮೇಲೆಯೇ, ಬಾಗಿಲ ಚೌಕಟ್ಟಿನಿಂದ ಸೂರಿನತನಕ, ಬೆರಳು ತೂರುವಷ್ಟು ಸೀಳು ಬಿಟ್ಟಿತ್ತು. ತಲೆ ಎತ್ತಿದ್ದರೆ ತಾನೆ ಕಾಣುವುದು.

"ಫಲಾನುಭವಿ ಮನೆ ಒಳಗೆ ನಿಂತಿರೋ ಫೋಟೊ ಬೇಕು. ಅಮ್ಮಾ, ಆ ಕುಂಕುಮ ಹಚ್ಚಿರೋ ಗೋಡೆಗೆ ಕೈ ಇಟ್ಕೊಂಡು ಒಂಚೂರು ನಗು."

"ನಗ್ತಾ ಸಾಯಾಕೆ ನಂಗೆ ಬರಲ್ಲ ಸಾಹೇಬ್ರೆ. ಕರೆಂಟ್ ಹೊಡಿತತಿ. ನನ್ ಗಂಡನ ಕೈ ನೋಡ್ರಿ."

"ಕರೆಂಟಂತೆ ಕರೆಂಟು," ಗೌಡರು ಹಿಂದಿನಿಂದ ದನಿ ತೆಗೆದರು. "ಲೇ ಗುತ್ತಿ, ಅದು ಚೌಡಿ ಅಂತ ಊರಿಗೆಲ್ಲ ಗೊತ್ತೈತಿ. ಪೂಜಿ ಮಾಡ್ಸಿಕೆಂಡು ಈಗ ಉಲ್ಟಾ ಹೊಡಿತಿಯಾ?"

ಗುತ್ಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲ ಬದಿಗೆ ಸರಿದು ದಾರಿ ಬಿಟ್ಟಳು.

"ಹಂಗಾರೆ ಬರ್ರಿ ಗೌಡ್ರೆ. ಕಾಯಿ ಕೊಟ್ಟೋರು ನೀವು, ತಾಯಿ ದರ್ಶನ ಮಾತ್ರ ಮಾಡಿಲ್ಲ. ಬಂದು ಎಲ್ಡೂ ಕೈ ಗ್ವಾಡಿಗೆ ಹಚ್ಚಿ ನಮಸ್ಕಾರ ಮಾಡ್ರಿ. ಚಪ್ಲಿ ಅಲ್ಲೇ ಬಿಡ್ರಿ ಮತ್ತೆ, ಗುಡಿ ಅಲ್ವಾ."

ಅಜ್ಜನ ಕಾಲದಿಂದ ಆ ಮನೆತನದ ಕಾಲು ಕೇರಿಯ ಹೊಸ್ತಿಲು ದಾಟಿದ್ದಿಲ್ಲ. ಇವತ್ತು ದಾಟದಿರಲು ಗೌಡರಿಗೆ ಎರಡು ಕಾರಣಗಳಿದ್ದವು, ಎರಡನ್ನೂ ಸರ್ಕಾರದ ನೌಕರನ ಎದುರು ಹೇಳುವಂತಿರಲಿಲ್ಲ. ಎಲೆಯಡಿಕೆಯ ರಸ ನುಂಗಿದರು. ಪಕ್ಕದ ಮನೆಯ ಕರುಣಾ ಕಿಸಕ್ಕನೆ ನಕ್ಕಳು. ನಗು ಮನೆಯಿಂದ ಮನೆಗೆ ದಾಟಿತು.

"ಲೌಡಿ, ಭಾಳ ನಾಲಿಗಿ ಬಂದೈತಿ ನಿಂಗೆ." ಗೌಡರು ಕಾಲನಿಯ ಕಡೆ ತಿರುಗಿದರು. "ಮನಿ ಸರಿ ಐತಿ ಅಂತ ಈಕಿ ಒಬ್ಳು ಹೆಬ್ಬೆಟ್ಟು ಒತ್ಲಿಲ್ಲ ಅಂದ್ರೆ ಹನ್ನೆರಡೂ ಮನಿ ಹಕ್ಕುಪತ್ರ ನಿಲ್ತತಿ. ಆಮ್ಯಾಲೆ ಬಂದು ನನ್ ಕಾಲು ಹಿಡಿಬ್ಯಾಡ್ರಿ."

ನಗು ನಿಂತಿತು. ಕರುಣಾ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಒತ್ಬಿಡು ಯಕ್ಕಾ. ನಾವೆಲ್ಲಾ ಒತ್ತೀವಿ. ಮಣೆ ಮ್ಯಾಲೆ ಕುಂದ್ರಿಸಿ ನೀರು ಹಾಕಿದ್ರಾತು," ಅಂದಳು.

"ಒತ್ತಿದ ಮ್ಯಾಲೆ ವಯರು ಹಾಕಾಕೆ ಇವ್ರು ಬರ್ತಾರಾ? ಕೇಳು, ಸಾಹೇಬ್ರು ಎದ್ರಿಗೇ ಅದಾರೆ."

ಶ್ರೀನಾಥ ಕನ್ನಡಕ ಒರೆಸಿಕೊಂಡ. "ಒಪ್ಪಿಗೆ ಆದ್ಮೇಲೆ ದುರಸ್ತಿ ಮನೆಯವರದ್ದೇ. ರೂಲ್ಸು ಹಂಗಿದೆ."

ಕರುಣಾ ತನ್ನ ಹೆಬ್ಬೆರಳನ್ನು ಸೀರೆಗೆ ಒರೆಸುತ್ತಾ ನಿಂತಳು.

ಶ್ರೀನಾಥ ಹೆಬ್ಬೆಟ್ಟಿನ ಯಂತ್ರವನ್ನು ತುದಿಬೆರಳಲ್ಲಿ ಹಿಡಿದು, ಮೈಯೆಲ್ಲ ಹೊರಗಿಟ್ಟು, ತೋಳೊಂದನ್ನೇ ಹೊಸ್ತಿಲ ಮೇಲಿಂದ ಚಾಚಿದ. ಅದರ ಕೆಂಪು ದೀಪ ಮಿಣಕುತ್ತಿತ್ತು. ಲೋಕಪ್ಪ ಮೂಲೆಯಲ್ಲಿ ಎಡಗೈಯಿಂದ ಬಲಗೈಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಹೆಂಡತಿಯ ಮುಖ ನೋಡಿದ.

ಇಂಜಿನಿಯರ್ ವಾಚು ನೋಡಿದ್ದನ್ನು ಗೌಡರು ಕಂಡರು. ಆಮೇಲೆ ಅವರ ದನಿ ಬೆಣ್ಣೆಯಾಯಿತು.

"ಒತ್ತಮ್ಮ ಗುತ್ಯಮ್ಮ. ದೊಡ್ಡ ಮನಸು ಮಾಡು."

"ಒತ್ತಲ್ಲ," ಅಂದಳು ಗುತ್ಯಮ್ಮ.